ಪಕ್ಕದಂಗಡಿಯೇ ಪೇಟೆಯ ಬಲ

ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿ. ಬಿಳಿ ಗಾದಿಯ ಮೇಲೆ ಆಗಲೇ ಮೂವತ್ತು ಸೀರೆ ಬಿಚ್ಚಿ ಹರಡಿದ್ದಾಗಿದೆ. ಗಿರಾಕಿ ಕೇಳಿದ ಅಂಚು ಮಾತ್ರ ಸಿಕ್ಕಿಲ್ಲ. “ಕೂತ್ಕೊಳ್ಳಿ ಅಮ್ಮ, ಗೋಡೌನಿಂದ ತರಿಸ್ತೀನಿ” ಎನ್ನುತ್ತಾ ಮಾಲೀಕರು ಹುಡುಗನಿಗೆ ಕಣ್ಸನ್ನೆ ಮಾಡುತ್ತಾರೆ. ಹುಡುಗ ಓಡುವುದು ಗೋಡೌನಿಗಲ್ಲ, ಮೂರು ಅಂಗಡಿ ಆಚೆಗಿರುವ ಪೈಪೋಟಿಗಾರರ ಬಳಿಗೆ. ಐದೇ ನಿಮಿಷದಲ್ಲಿ ಹೆಗಲ ತುಂಬ ಸೀರೆ ಹೇರಿಕೊಂಡು ಹಾಜರ್. ಮಾರಿದ್ದಕ್ಕೆ ದುಡ್ಡು, ಉಳಿದದ್ದು ವಾಪಸ್. ಅಂಗಡಿಯಿಂದ ಅಂಗಡಿಗೆ ಈ ಲೆಕ್ಕ ಒಂದು ಚೀಟಿಯ ಮೇಲೆ ನಡೆದುಹೋಗುತ್ತದೆ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ಬೀದಿಗಳಿವು. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿ ಬೀದಿ ಗುರುತಿಸಿದರೆಂಬ ಪ್ರತೀತಿಯಿದೆ. ಆ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಕಸುಬಿಗೊಂದು ಬೀದಿ ಎಂಬ ಅಂದಿನ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ, ಸರಕು ಬದಲಾಗಿದೆಯಷ್ಟೆ. ಬಳೇಪೇಟೆಗೆ ಈಗ ಜನ ಹೋಗುವುದು ವೀಣೆ, ತಬಲಾ, ಹಾರ್ಮೋನಿಯಂ ಕೊಳ್ಳಲು. ಮದುವೆ ಕಾಗದ ಅಚ್ಚು ಹಾಕಿಸುವವರಿಗೆ ಸುಲ್ತಾನಪೇಟೆ, ಮಣಿ, ಲೇಸು, ಗುಂಡಿ ಬೇಕಾದವರಿಗೆ ಮಾಮೂಲ್‌ಪೇಟೆ. ಕಬ್ಬನ್‌ಪೇಟೆಯ ಕೆಲವು ಓಣಿಗಳಲ್ಲಿ ಮಗ್ಗದ ಸದ್ದು ಇನ್ನೂ ಕೇಳುತ್ತದೆ.

ಇಲ್ಲಿನ ವರ್ಷ ತಿರುಗುವುದು ಪಂಚಾಂಗದ ಮೇಲೆ. ಆಷಾಢದಲ್ಲಿ ಮದುವೆಯಿಲ್ಲ, ಹಾಗಾಗಿ ಗಲ್ಲಾಪೆಟ್ಟಿಗೆಯ ಮುಂದೆ ಆಕಳಿಕೆ. ಶ್ರಾವಣ ಹತ್ತಿರವಾಗುತ್ತಲೇ ವರಮಹಾಲಕ್ಷ್ಮಿಗೆ ಸೀರೆ ಒಯ್ಯುವವರ ನೂಕುನುಗ್ಗಲು. ಆಗ ಓಣಿಯಲ್ಲಿ ದಾರಿ ಬಿಡಿಸುವವನು ಟ್ರಾಫಿಕ್ ಪೊಲೀಸನಲ್ಲ, ತಲೆಯ ಮೇಲೆ ಬಟ್ಟೆಮೂಟೆ ಹೊತ್ತ ಹಮಾಲಿ. ‘ಸೈಡ್, ಸೈಡ್’ ಎಂಬ ಅವನ ಕೂಗಿಗೆ ಸ್ಕೂಟರು ಹಿಂದಕ್ಕೆ ಸರಿಯುತ್ತದೆ, ತಳ್ಳುಗಾಡಿ ಗೋಡೆಗೆ ಒತ್ತಿಕೊಳ್ಳುತ್ತದೆ. ಕನ್ನಡ, ತೆಲುಗು, ತಮಿಳು, ಉರ್ದು, ಮಾರವಾಡಿ ಎಲ್ಲವೂ ಕಿವಿಗೆ ಬೀಳುತ್ತವೆ. ಚೌಕಾಸಿಗೆ ನಿಂತ ವ್ಯಾಪಾರಿ ಒಂದೇ ವಾಕ್ಯದಲ್ಲಿ ಮೂರು ಭಾಷೆ ದಾಟುತ್ತಾನೆ.

ಚೈತ್ರ ಹುಣ್ಣಿಮೆಯ ರಾತ್ರಿ ಈ ಬೀದಿಗಳು ವ್ಯಾಪಾರ ಮರೆಯುತ್ತವೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಮಲ್ಲಿಗೆಯ ಘಮದಲ್ಲಿ ಪೇಟೆ ಪೇಟೆ ಸುತ್ತುತ್ತದೆ. ಜೊತೆಗೆ ಕತ್ತಿ ಹಿಡಿದ ವೀರಕುಮಾರರ ‘ಗೋವಿಂದಾ’ ಘೋಷ. ಕಾಟನ್‌ಪೇಟೆಯಲ್ಲಿ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುವುದು ರೂಢಿ. ಹಗಲು ಪಕ್ಕದಂಗಡಿಯಿಂದ ಸರಕು ತಂದು ಬದುಕುವ ಪೇಟೆಗೆ, ರಾತ್ರಿ ಪಕ್ಕದ ದೇವರ ಬಾಗಿಲಿಗೆ ಹೋಗುವುದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ.

ಇಂಥ ಪೇಟೆಗೆ ಈಗ ಪೆಟ್ಟು ಬೀಳುತ್ತಿದೆ, ಆದರೆ ಇದೇ ಮೊದಲಲ್ಲ. 1791ರಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ನುಗ್ಗಿತ್ತು. 1898ರ ಪ್ಲೇಗು ಇಕ್ಕಟ್ಟಿನ ಮನೆಗಳನ್ನು ಖಾಲಿ ಮಾಡಿಸಿತು. ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳು ಬೆಳೆದದ್ದು ಆ ಭಯದ ಬೆನ್ನಲ್ಲೇ. ಈಗಿನ ಖಾಲಿತನದ ಬಗೆ ಬೇರೆ. ಕೆಳಗೆ ಅಂಗಡಿ, ಮೇಲೆ ಸಂಸಾರ ಇದ್ದ ಮನೆಗಳ ಅಟ್ಟ, ನಡುಮನೆಗಳೆಲ್ಲ ಗೋದಾಮುಗಳಾಗಿವೆ. ಮರದ ತೊಲೆಯ ಮನೆ ಕೆಡವಿದ ಜಾಗದಲ್ಲಿ ಗಾಜಿನ ಕಾಂಪ್ಲೆಕ್ಸ್ ಏಳುತ್ತಿದೆ. 2017ರಲ್ಲಿ ನೆಲದಡಿ ಬಂದ ಮೆಟ್ರೊ ಗಿರಾಕಿಗಳನ್ನು ಸಲೀಸಾಗಿ ಕರೆತಂದಿದೆ, ನಿಜ. ಆದರೆ ಬಾಡಿಗೆ ಏರಿದಂತೆ ಒಬ್ಬ ಲೇಸಿನವನು, ಒಬ್ಬ ತಬಲಾದವನು ಓಣಿ ಬಿಡುತ್ತಾನೆ. ಅವನೊಬ್ಬನ ವ್ಯಾಪಾರ ಮಾತ್ರ ಹೋಗುವುದಿಲ್ಲ, ಅವನ ಸರಕನ್ನು ನೆಚ್ಚಿಕೊಂಡಿದ್ದ ನಾಲ್ಕು ಅಂಗಡಿಗಳಿಗೂ ಕೈ ಮುರಿದಂತಾಗುತ್ತದೆ. ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವವರು ಕಂಬ, ಕಮಾನುಗಳ ಜೊತೆಗೆ ಒಂದೊಂದು ಓಣಿಯಲ್ಲೂ ಹಳೆಯ ಕಸುಬಿನವರು ಎಷ್ಟು ಮಂದಿ ಉಳಿದಿದ್ದಾರೆಂದೂ ಬರೆದಿಟ್ಟುಕೊಳ್ಳಬೇಕು. ಕಂಬವನ್ನು ಮತ್ತೆ ಕಡೆಯಬಹುದು. ನೆರೆಯವನಿಗೆ ಚೀಟಿಯ ಮೇಲೆ ಸರಕು ಕೊಡುವ ನಂಬಿಕೆ ಕುದುರುವುದಕ್ಕೆ ಎರಡು ಮೂರು ತಲೆಮಾರು ಬೇಕು.