ಗಣಿಯೂರಿನ ಸಂಸಾರ

ಬೆಳಗಾವಿಯ ಮಗ್ಗುಲಿನ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿರುವುದನ್ನು ತಾವು ಬಲ್ಲಿರಿ. ಅಲ್ಲಿ ಕಲಿತ ತರುಣರು ದೂರದ ಠಾಣ್ಯಗಳಿಗೆ ಹೊರಟುಹೋಗುತ್ತಾರೆ. ಅವರ ತಾಯಂದಿರು ಊರಿನಲ್ಲಿ ದಿನ ಎಣಿಸುತ್ತಾರೆ. ಹೀಗೆ ಕಾಯುವ ಮನೆಗಳು ನಮ್ಮ ಸೀಮೆಗೆ ಹೊಸತಲ್ಲ. ಆದರೆ ಮನೆಯ ಯಜಮಾನ ದಿನದಿನವೂ ನೆಲದಡಿಗೆ ಇಳಿಯುತ್ತಿದ್ದ, ಮನೆಯವರು ದಿನದಿನವೂ ಕಾಯುತ್ತಿದ್ದ ಊರೊಂದು ನಮ್ಮ ರಾಜ್ಯದಲ್ಲಿಯೇ ಇತ್ತು. ಅದು ಕೋಲಾರದ ಚಿನ್ನದ ಗಣಿ.

1880ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಕೆಲಸಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಬಂದಿತು. ಕೂಲಿಕಾರರಿಗೆ ಮಾತ್ರ ಬಹುಕಾಲ ಬಿದಿರು ತಟ್ಟಿಯ ಗುಡಿಸಲೇ ಗತಿ. ಒಂದೇ ಕೋಣೆಯಲ್ಲಿ ಅಡಿಗೆ, ಮಲಗುವುದು, ಬಾಣಂತನ ಎಲ್ಲವೂ ನಡೆಯಬೇಕು. ರಾತ್ರಿಪಾಳಿ ಮುಗಿಸಿ ಬಂದ ತಂದೆ ಹಗಲು ನಿದ್ದೆ ಮಾಡಬೇಕಾದರೆ ತಾಯಿ ಮಕ್ಕಳನ್ನು ಹೊರಗೆ ಕರೆದೊಯ್ದು ಸುಮ್ಮನಿರಿಸಬೇಕು. ಅಂಥ ಮನೆಯಲ್ಲಿ ಒಲವು ಕಾಣುತ್ತಿದ್ದುದು ಇಂಥ ಕೆಲಸಗಳಲ್ಲಿಯೇ.

ಇನ್ನು ಗಣಿಯ ಒಳಗಿನ ಮಾತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಅದಿರನ್ನು ತೆಗೆದ ಕಡೆ ಪೊಳ್ಳಾಗಿ, ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಾಳಲಾರದೆ ಅದು ಒಮ್ಮೆಲೇ ಸಿಡಿಯುವುದುಂಟು. ಆಗ ಮೇಲಿನ ಮನೆಗಳೂ ಅದುರುತ್ತಿದ್ದವು. ಪಾಳಿಗೆ ಹೋದವನು ಕಣ್ಣಿಗೆ ಬೀಳುವವರೆಗೆ ಹೆಂಡತಿಗೆ ನೆಮ್ಮದಿಯೆಲ್ಲಿ? ಅವನು ದುಡಿಯುವ ಜಾಗವನ್ನು ಅವಳು ನೋಡಿದವಳೂ ಅಲ್ಲ. ಹೆಂಗಸರನ್ನು ಗಣಿಯೊಳಗಿನ ಕೆಲಸಕ್ಕೆ ಸೇರಿಸಬಾರದೆಂದು 1952ರ ಗಣಿ ಕಾಯಿದೆ ಹೇಳಿತ್ತು. ಆ ಕಟ್ಟು ಸಡಿಲವಾದುದು 2019ರಲ್ಲಿ.

ಅಪಘಾತದಿಂದ ಪಾರಾದವರನ್ನೂ ಕಲ್ಲಿನ ಧೂಳು ಬಿಡುತ್ತಿರಲಿಲ್ಲ. ಅದು ಪುಪ್ಪುಸದಲ್ಲಿ ನೆಲೆನಿಂತು ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಗಾಯಗೊಂಡ ಪುಪ್ಪುಸವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ದುಡಿಯುವವನು ಹಾಸಿಗೆ ಹಿಡಿದರೆ ಆರೈಕೆಯ ಜೊತೆಗೆ ಸಂಸಾರದ ನೊಗವೂ ಹೆಂಡತಿಯ ಹೆಗಲಿಗೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಡೆ ಸಿಡಿಯುವ ಭಯ ಹೋಯಿತು. ಅದರೊಂದಿಗೆ ಸಂಬಳವೂ ಹೋಯಿತು. ಊರು ಬಿಡಲು ಮನಸ್ಸಿಲ್ಲದವರು ರೈಲನ್ನು ನೆಚ್ಚಿಕೊಂಡರು. ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ನಸುಕಿನಲ್ಲಿ ಹೊರಟು, ಕತ್ತಲಾದ ಮೇಲೆ ಮರಳುವುದು ಎಷ್ಟೋ ಜನರ ದಿನಚರಿಯಾಯಿತು. ಅವರಲ್ಲಿ ಗಣಿ ಕೆಲಸಗಾರರ ಹೆಣ್ಣುಮಕ್ಕಳೂ ಇದ್ದಾರೆ.

ವಾಚಕರೇ, ಇಲ್ಲಿ ಒಂದು ಅದಲುಬದಲನ್ನು ಗಮನಿಸಿ. ಹಿಂದೆ ತಂದೆಯ ದಾರಿಯನ್ನು ಮನೆಯ ಹೆಂಗಸರು ಕಾಯುತ್ತಿದ್ದರು. ಈಗ ಸಂಜೆಯ ರೈಲಿನಲ್ಲಿ ಬರುವ ಮಗಳಿಗಾಗಿ ಮುದಿ ತಂದೆ ಕಾಯುತ್ತಾನೆ. ಮೊದಲು ತನಗಾಗಿ ಒಲೆಯ ಮೇಲೆ ಬಿಸಿನೀರು ಸಿದ್ಧವಿರುತ್ತಿದ್ದುದನ್ನು ನೆನೆದು, ಅವಳಿಗಾಗಿ ಈಗ ತಾನೇ ನೀರು ಕಾಯಿಸಿಟ್ಟರೆ ಅದರಲ್ಲಿ ಆಶ್ಚರ್ಯವೇನು?