ಕಡಲತೀರದ ಮುಂಚೂಣಿ ಸಿಬ್ಬಂದಿಯ ಮಾನಸಿಕ ಒತ್ತಡ: ಗ್ರಾಮ ಪಂಚಾಯಿತಿಯ ಪಾತ್ರ

ಉತ್ತರ ಕನ್ನಡ ಜಿಲ್ಲೆಯ ಗೋಕರ್ಣ, ಮುರುಡೇಶ್ವರ ಮೊದಲಾದ ಕಡಲತೀರಗಳಲ್ಲಿ ರಜಾದಿನಗಳಂದು ಪ್ರವಾಸಿಗರ ದಟ್ಟಣೆ ಹೆಚ್ಚು. ಅವರನ್ನು ಮೊದಲು ಎದುರುಗೊಳ್ಳುವವರು ಜೀವರಕ್ಷಕರು, ವಾಹನ ನಿಲುಗಡೆ ಶುಲ್ಕ ವಸೂಲಿಗಾರರು ಹಾಗೂ ಸ್ವಚ್ಛತಾ ಸಿಬ್ಬಂದಿ. ಊರಿಗೆಲ್ಲ ರಜೆಯಿರುವ ದಿನವೇ ಇವರಿಗೆ ಅತ್ಯಧಿಕ ಕೆಲಸ.

ದೇಹಶ್ರಮದೊಂದಿಗೆ ಇವರು ಹೊರುವ ಮತ್ತೊಂದು ಭಾರವೂ ಇದೆ. ಶುಲ್ಕ ನಿಗದಿಪಡಿಸುವವರು ಬೇರೆ, ಅದಕ್ಕಾಗಿ ಬೈಗುಳ ಕೇಳುವವರು ಚೀಟಿ ಹರಿಯುವ ನೌಕರರು. ಮಳೆಗಾಲದಲ್ಲಿ ಕಡಲಿಗಿಳಿಯದಂತೆ ಆದೇಶಿಸುವುದು ಆಡಳಿತ, ಸೀಟಿ ಊದಿ ತಡೆದು ಜಗಳಕ್ಕೆ ಸಿಲುಕುವವರು ಜೀವರಕ್ಷಕರು. ಸಿಟ್ಟನ್ನು ಅದುಮಿಕೊಂಡು ಸೌಜನ್ಯ ತೋರಬೇಕಾದ ಇಂತಹ ದುಡಿಮೆಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ 1983ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ‘ಭಾವನಾತ್ಮಕ ಶ್ರಮ’ ಎಂದು ವಿವರಿಸಿದ್ದಾರೆ. ಒತ್ತಡವು ಪರಿಹಾರವಿಲ್ಲದೆ ಮುಂದುವರಿದಲ್ಲಿ ತೀವ್ರ ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ ಮತ್ತು ಕಾರ್ಯಕ್ಷಮತೆಯ ಕುಸಿತ ಉಂಟಾಗುತ್ತವೆ. ಜೀವರಕ್ಷಕರು ಬಳಲಿ ಗಮನ ತಪ್ಪಿದರೆ ಪ್ರವಾಸಿಯೊಬ್ಬರ ಪ್ರಾಣಕ್ಕೇ ಅಪಾಯ.

ಮುಳುಗಿದವರನ್ನು ಉಳಿಸಲಾಗದ ದಿನದ ಮರುಬೆಳಿಗ್ಗೆಯೂ ಜೀವರಕ್ಷಕರು ಅದೇ ದಂಡೆಯಲ್ಲಿ ನಿಲ್ಲಬೇಕಾಗುತ್ತದೆ. ಆನಂತರ ಕಾಣಿಸಿಕೊಳ್ಳುವ ನಿದ್ರಾಹೀನತೆ, ಮುಂಗೋಪ, ಮೌನ, ಮದ್ಯದ ಮೊರೆ ಇವು ಒತ್ತಡದ ಲಕ್ಷಣಗಳಾಗಿರಬಹುದು. ವಿಚಾರಿಸದೆ ಇವನ್ನು ಕರ್ತವ್ಯಲೋಪವೆಂದು ಪರಿಗಣಿಸುವುದು ಸರಿಯಲ್ಲ.

ಸಹೋದ್ಯೋಗಿಗಳೊಡನೆ ಮನಬಿಚ್ಚಿ ಮಾತನಾಡುವುದರಿಂದ ಮನಸ್ಸು ಹಗುರವಾಗುತ್ತದೆ. ಆದರೆ ಧೈರ್ಯ ಹೇಳಿದರಷ್ಟೇ ಸಾಲದು, ಕೆಲಸದ ಏರ್ಪಾಡೂ ಸುಧಾರಿಸಬೇಕು. ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು ಇಂತಿವೆ:

1. ಶುಲ್ಕದ ದರವನ್ನು ಠರಾವಿನ ಸಂಖ್ಯೆ ಮತ್ತು ದಿನಾಂಕ ಸಹಿತ ಫಲಕದಲ್ಲಿ ಪ್ರಕಟಿಸುವುದು. ಆಗ ನೌಕರರು ವಾದಿಸಬೇಕಾಗಿಲ್ಲ, ಫಲಕ ತೋರಿಸಿದರೆ ಸಾಕು.

2. ದಟ್ಟಣೆಯ ದಿನಗಳಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸದೆ ಇಬ್ಬಿಬ್ಬರನ್ನು ನಿಯೋಜಿಸುವುದು. ಸರದಿಯ ವಿಶ್ರಾಂತಿ, ನೆರಳು, ಕುಡಿಯುವ ನೀರು, ಶೌಚಾಲಯ ಒದಗಿಸುವುದು.

3. ತಕರಾರಿನ ಸಂದರ್ಭದಲ್ಲಿ ಸ್ಥಳಕ್ಕೆ ಬರಬೇಕಾದ ಹೊಣೆಗಾರರನ್ನು ಮುಂಚಿತವಾಗಿ ಗೊತ್ತುಪಡಿಸುವುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವಂತೆ ತಿಳಿಸುವುದು.

4. ಲೈಂಗಿಕ ಕಿರುಕುಳ ತಡೆಗೆ ಸಂಬಂಧಿಸಿದ 2013ರ ಕಾಯ್ದೆಯ ಬಗ್ಗೆ ಮಹಿಳಾ ಸಿಬ್ಬಂದಿಗೆ ಅರಿವು ಮೂಡಿಸುವುದು. 10ಕ್ಕಿಂತ ಕಡಿಮೆ ನೌಕರರಿರುವಲ್ಲಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು.

5. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಸಿಬ್ಬಂದಿಗೆ ತಿಳಿಸುವುದು. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಆಪ್ತಸಲಹೆ ಲಭ್ಯ.

ಕಡಲತೀರದ ಎಲ್ಲ ಸಿಬ್ಬಂದಿ ಪಂಚಾಯಿತಿಯಿಂದಲೇ ನೇಮಕಗೊಂಡವರಲ್ಲದಿರಬಹುದು. ಆದರೂ ಅವರು ದುಡಿಯುವುದು ಪಂಚಾಯಿತಿಯ ವ್ಯಾಪ್ತಿಯಲ್ಲಿ; ಅವರಲ್ಲಿ ಅನೇಕರು ಅದೇ ಊರಿನ ಮಕ್ಕಳು. ಪ್ರವಾಸಿ ಋತು ಆರಂಭವಾಗುವ ಮುನ್ನ ಸದಸ್ಯರು ಅವರನ್ನು ಸಭೆಗೆ ಆಹ್ವಾನಿಸಿ ಅಹವಾಲು ಆಲಿಸಿದಲ್ಲಿ, ಮೇಲಿನ ಕ್ರಮಗಳಲ್ಲಿ ಯಾವುದು ಮೊದಲಾಗಬೇಕೆಂಬುದು ಅವರಿಂದಲೇ ತಿಳಿಯುತ್ತದೆ.