ಸಾಯದ ಇಲಿ: ಹಂಟಾವೈರಸ್ ಮತ್ತು ದೇಹದ ತಾಳ್ಮೆ

ಕನ್ನಡ ಎಂ.ಎ. ಓದುವವಳಿಗೆ ವೈರಸ್ ಉಸಾಬರಿ ಯಾಕೆ ಅಂತ ಅನ್ನಿಸಬಹುದು. ಈ ಪ್ರಶ್ನೆ ನನಗೆ ಹುಟ್ಟಿದ್ದು ‘ಸಂಸ್ಕಾರ’ ಓದುವಾಗ. 1965ರ ಆ ಕಾದಂಬರಿಯ ಅಗ್ರಹಾರದಲ್ಲಿ ಇಲಿಗಳು ಸತ್ತು ಬೀಳುತ್ತವೆ, ಹದ್ದುಗಳು ಬಂದು ಕೂರುತ್ತವೆ. ನಮ್ಮ ಬೊಮ್ಮನಹಾಳ್ ಕಡೆ ಅಜ್ಜಿಯೂ ಹಳೆಯ ಮಾತೊಂದನ್ನು ಹೇಳ್ತಾಳೆ: ಮನೆಯೊಳಗೆ ಇಲಿ ಸತ್ತರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೋಬೇಕು. ಪ್ಲೇಗು ಇಲಿಯನ್ನೂ ಕೊಲ್ಲುತ್ತದೆ, ಹಾಗಾಗಿ ಸತ್ತ ಇಲಿಯೇ ಎಚ್ಚರಿಕೆ. ಇಲಿ ಸಾಯದೇ ಇದ್ದರೆ?

ಹಂಟಾವೈರಸ್ ಅಂಥದ್ದು. ಕೊರಿಯಾ ಯುದ್ಧದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಜ್ವರ, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ತಂದ ಈ ವೈರಸ್ಸನ್ನು 1970ರ ದಶಕದಲ್ಲಿ ಹೊ ವಾಂಗ್ ಲೀ ಅಲ್ಲಿನ ಹೊಲದ ಇಲಿಯಲ್ಲಿ ಪತ್ತೆ ಮಾಡಿದರು. ಹಂಟಾನ್ ನದಿಯಿಂದ ಅದಕ್ಕೆ ಆ ಹೆಸರು ಬಂತು. ಆದರೆ ಅದೇ ಕುಟುಂಬದ ಇನ್ನೊಂದು ವೈರಸ್ 1964ರಲ್ಲೇ ನಮ್ಮ ಪಕ್ಕದ ವೆಲ್ಲೂರಿನ ತೊಟ್ಟಪಾಳ್ಯಂನಲ್ಲಿ ಸುಂಡಿಲಿಯೊಂದರಲ್ಲಿ ಸಿಕ್ಕಿತ್ತು. ಅದು ಹಂಟಾವೈರಸ್ ಅಂತ ಗೊತ್ತಾದದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ. ಸುಂಡಿಲಿ ನಿಜವಾಗಿ ಇಲಿಯ ಜಾತಿಯೇ ಅಲ್ಲ. ಮುಂದೆ ವೆಲ್ಲೂರಿನ ಸಂಶೋಧಕರು ಜ್ವರ ಬಂದ ಕೆಲವರ ರಕ್ತದಲ್ಲಿ ಹಂಟಾವೈರಸ್ ವಿರುದ್ಧದ ಪ್ರತಿಕಾಯಗಳನ್ನೂ ಕಂಡರು.

ಈಗ ಮುಖ್ಯ ವಿಷಯ. ಸೋಂಕು ತಗಲಿದ ಇಲಿಯ ದೇಹ ಸುಮ್ಮನೆ ಕೂರುವುದಿಲ್ಲ. ಅದರ ರಕ್ತದಲ್ಲೂ ಪ್ರತಿಕಾಯಗಳು ತಯಾರಾಗುತ್ತವೆ. ಆದರೂ ವೈರಸ್ ಶ್ವಾಸಕೋಶದಲ್ಲಿ ಉಳಿದು ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ಹೊರಬರ್ತಾ ಇರ್ತದೆ. ಇದು ಹೇಗೆ? ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ದಾಳಿ ಮಾಡುವ ಕೋಶಗಳಿರುವಂತೆ, ‘ಇಷ್ಟು ಸಾಕು’ ಎಂದು ತಡೆಯುವ ನಿಯಂತ್ರಕ ಟಿ ಕೋಶಗಳೂ ಇವೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೋಲ್ ವೈರಸ್ ತಗಲಿದ ಕಂದು ಇಲಿಗಳಲ್ಲಿ ಈ ಕೋಶಗಳನ್ನು ನಿಷ್ಕ್ರಿಯಗೊಳಿಸಿದಾಗ ವೈರಸ್ ಪ್ರಮಾಣ ತಗ್ಗಿತು. ಅಂದರೆ ವೈರಸ್ ಉಳಿಯಲು ಈ ತಡೆಯೇ ನೆರವಾಗಿತ್ತು. ಉರಿಯೂತವನ್ನು ಹಿಡಿದಿಡುವುದೂ ಈ ಕೋಶಗಳ ಕೆಲಸವೇ.

ಮನುಷ್ಯರಲ್ಲಿ ಕಥೆ ತಿರುಗಾಮುರುಗಾ. ಈ ವೈರಸ್ ರಕ್ತನಾಳದ ಒಳಪದರದ ಕೋಶಗಳನ್ನು ನೇರವಾಗಿ ಅಷ್ಟೇನೂ ಕೊಲ್ಲುವುದಿಲ್ಲ. ನಮ್ಮದೇ ದೇಹದ ಅತಿಯಾದ ಪ್ರತಿಕ್ರಿಯೆ ಸೇರಿಕೊಂಡು ಸಣ್ಣ ರಕ್ತನಾಳಗಳು ಸೋರುತ್ತವೆ. 1993ರಲ್ಲಿ ಅಮೆರಿಕದಲ್ಲಿ ಕಂಡ ಶ್ವಾಸಕೋಶದ ಬಗೆಯಲ್ಲಿ ರೋಗಿಗಳ ಪೈಕಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸಾಯುತ್ತಾರೆ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇಲ್ಲೇ ತಡವರಿಸಿತು. ಶಾಲೆಯಲ್ಲಿ ನಾವು ಕಲಿತದ್ದು ಯುದ್ಧದ ರೂಪಕ: ರೋಗಾಣು ಶತ್ರು, ಬಿಳಿ ರಕ್ತಕಣ ಸೈನಿಕ. ಆ ಲೆಕ್ಕದಲ್ಲಿ ವೈರಸ್ ಓಡಿಸಲಾಗದ ಇಲಿ ಸೋತಿದೆ. ಆದರೆ ಅದು ಬದುಕಿದೆ, ಮರಿ ಹಾಕ್ತಿದೆ. ಜೋರಾಗಿ ಹೋರಾಡಿದ ಮನುಷ್ಯ ಆಸ್ಪತ್ರೆಯಲ್ಲಿದ್ದಾನೆ. ಹಾಗಂತ ಇದನ್ನು ‘ರಾಜಿ’ ಅಂದರೂ ಅದು ಇನ್ನೊಂದು ರೂಪಕವೇ. ಇಲಿ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ.

ರೂಪಕ ಬದಲಾದರೆ ನಡವಳಿಕೆಯೂ ಬದಲಾಗಬೇಕು. ನಮ್ಮಲ್ಲಿ ಸಾಮಾನ್ಯವಾದ ಇಲಿಜ್ವರದ ಬ್ಯಾಕ್ಟೀರಿಯಾ ಕೂಡ ಇಲಿಯ ಮೂತ್ರಪಿಂಡದಲ್ಲಿ ಹೀಗೇ ತಣ್ಣಗೆ ಕೂತಿರ್ತದೆ. ನಮ್ಮ ಮನೆಯಲ್ಲಿ ಶೇಂಗಾ ಚೀಲ ಇಡುವ ಕೋಣೆಯನ್ನು ಅಮ್ಮ ಬಾಯಿಗೆ ಸೆರಗೂ ಕಟ್ಟದೆ ಒಣಗಸ ಗುಡಿಸ್ತಿದ್ದಳು. ಹಂಟಾವೈರಸ್ ಹರಡುವುದು ಹೆಚ್ಚಾಗಿ ಅಂಥ ಧೂಳಿನಿಂದಲೇ. ಈಗ ಮೊದಲು ಬಾಗಿಲು ತೆಗೆದು ಗಾಳಿ ಆಡಲು ಬಿಡ್ತೀವಿ, ಹಿಕ್ಕೆಯ ಮೇಲೆ ಬ್ಲೀಚಿಂಗ್ ನೀರು ಹಾಕಿ ನೆನೆಸ್ತೀವಿ, ಆಮೇಲೆ ಕೈಗವಸು ಹಾಕ್ಕೊಂಡು ಒರೆಸ್ತೀವಿ. “ಇಲಿ ಚೆನ್ನಾಗೇ ಓಡಾಡ್ತಾವಲ್ಲೇ” ಅಂದಳು ಅಮ್ಮ. ಅದಕ್ಕೇ ಹುಷಾರಾಗಿರಬೇಕು ಅಂದೆ.

ಅಜ್ಜಿಯ ಮಾತು ಸುಳ್ಳಲ್ಲ, ಅರ್ಧ ಮಾತ್ರ. ಉಳಿದರ್ಧವನ್ನು ನಾವು ಕನ್ನಡದಲ್ಲಿ ಹೇಳಬೇಕಾಗಿದೆ.